ಹಸಿರು ಗುರುತು ಏನನ್ನು ಹೇಳುತ್ತದೆ? ಸಿಬ್ಬಂದಿ ತರಬೇತಿಯ ಡ್ಯಾಶ್‌ಬೋರ್ಡ್ ಓದುವ ಬಗೆ

ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯ, ವೃದ್ಧಾಶ್ರಮ ಹೀಗೆ ಹತ್ತಾರು ಸಂಸ್ಥೆಗಳನ್ನು ನಡೆಸುತ್ತಿರುವ ಕರಾವಳಿಯ ಧರ್ಮಪ್ರಾಂತ್ಯಗಳಿಗೆ ಸಿಬ್ಬಂದಿ ತರಬೇತಿ ಹೊಸ ವಿಷಯವೇನೂ ಅಲ್ಲ. ಸಭಾಭವನದಲ್ಲಿ ಎಲ್ಲರನ್ನೂ ಸೇರಿಸಿ, ಸಂಪನ್ಮೂಲ ವ್ಯಕ್ತಿಯೊಬ್ಬರನ್ನು ಕರೆಸಿ, ಊಟದೊಂದಿಗೆ ಮುಗಿಸುವ ಒಂದು ದಿನದ ಶಿಬಿರ ನಮಗೆಲ್ಲ ಪರಿಚಿತವೇ. ಹಾಜರಿ ಪುಸ್ತಕದಲ್ಲಿ ಸಹಿ ಬಿದ್ದರೆ ತರಬೇತಿ ಆಯಿತೆಂದು ಲೆಕ್ಕ. ಈಗ ಅದರ ಜಾಗದಲ್ಲಿ, ಅನೇಕ ಕಡೆ ಅದರ ಜೊತೆಯಲ್ಲಿ, ಅಂತರ್ಜಾಲದ ಕಲಿಕಾ ವೇದಿಕೆಗಳು ಬಂದಿವೆ. ಪಾಠ ಮೊಬೈಲಿನಲ್ಲೇ ಬರುತ್ತದೆ, ಪ್ರಶ್ನೋತ್ತರವೂ ಅಲ್ಲೇ ನಡೆಯುತ್ತದೆ, ಪ್ರಮಾಣಪತ್ರವೂ ಅಲ್ಲೇ ಸಿಗುತ್ತದೆ. ಯಾರು ಮುಗಿಸಿದರು, ಯಾರು ಅರ್ಧಕ್ಕೆ ಬಿಟ್ಟರು, ಯಾರು ಇನ್ನೂ ತೆರೆದೇ ಇಲ್ಲ ಎಂಬುದನ್ನು ಮುಖ್ಯಸ್ಥರು ಒಂದೇ ಪರದೆಯ ಮೇಲೆ ನೋಡಬಹುದು. ಆ ಪರದೆಗೆ ಡ್ಯಾಶ್‌ಬೋರ್ಡ್ ಎಂದು ಹೆಸರು.

ಈ ಪದದ ಮೂಲ ಸ್ವಾರಸ್ಯಕರವಾಗಿದೆ. ಕುದುರೆ ಗಾಡಿಯ ಕಾಲದಲ್ಲಿ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿ ಹೊಡೆಯುವವನ ಮೇಲೆ ಬೀಳದಂತೆ ಮುಂದೆ ಕಟ್ಟುತ್ತಿದ್ದ ಹಲಗೆಯನ್ನು ಡ್ಯಾಶ್‌ಬೋರ್ಡ್ ಎನ್ನುತ್ತಿದ್ದರು. ಮೋಟಾರು ಬಂದ ಮೇಲೆ ಅದೇ ಜಾಗದಲ್ಲಿ ವೇಗ, ಇಂಧನಗಳ ಮುಳ್ಳುಗಳು ಬಂದವು. ನಮ್ಮ ಊರಿನ ಕಾರುಗಳಲ್ಲಿ ವೆಲಂಕಣಿ ಮಾತೆಯ ಚಿಕ್ಕ ಪ್ರತಿಮೆಯೂ ಅಲ್ಲೇ ಕುಳಿತುಕೊಂಡಿತು. ಗಣಕಯಂತ್ರದವರು ಆ ಹೆಸರನ್ನು ಎರವಲು ಪಡೆದರು. ಕಾರಿನ ಮುಳ್ಳು ಟ್ಯಾಂಕಿಯಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ತೋರಿಸುತ್ತದೆ, ಕಾರು ಸರಿಯಾದ ದಾರಿಯಲ್ಲಿ ಹೋಗುತ್ತಿದೆಯೇ ಎಂದು ತೋರಿಸುವುದಿಲ್ಲ. ತರಬೇತಿಯ ಡ್ಯಾಶ್‌ಬೋರ್ಡೂ ಹಾಗೆಯೇ. ಅದನ್ನು ಓದುವವರಿಗೆ ಈ ವ್ಯತ್ಯಾಸ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಇಲ್ಲಿ ನಾವು ಉದಾಹರಣೆಗೆ ಮೂಡಲ್ ಎಂಬ ವೇದಿಕೆಯನ್ನು ತೆಗೆದುಕೊಳ್ಳುತ್ತೇವೆ. ಹೆಸರು ಕೇಳಿ ಮೂಡಬಿದ್ರೆಯ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇದು ಹುಟ್ಟಿದ್ದು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ. ಮಾರ್ಟಿನ್ ಡೂಜಿಯಾಮಸ್ ಎಂಬವರು ರೂಪಿಸಿದ ಇದರ ಮೊದಲ ಪೂರ್ಣ ಆವೃತ್ತಿ 2002ರ ಆಗಸ್ಟ್‌ನಲ್ಲಿ ಹೊರಬಂತು. ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಸರ್ವರಿನ ಬಾಡಿಗೆ ಮತ್ತು ಅದನ್ನು ನೋಡಿಕೊಳ್ಳುವವರ ಸಂಬಳ ಮಾತ್ರ ನಮ್ಮ ಖರ್ಚು. ಅನೇಕ ಕಾಲೇಜುಗಳು ಇದನ್ನು ವಿದ್ಯಾರ್ಥಿಗಳಿಗಾಗಿ ಬಳಸುತ್ತವೆ. ಅದನ್ನೇ ಸಿಬ್ಬಂದಿಯ ತರಬೇತಿಗೂ ಬಳಸಬಹುದು. ಬೇರೆ ವೇದಿಕೆ ಬಳಸುವವರಿಗೂ ಮುಂದಿನ ಮಾತುಗಳು ಹೆಚ್ಚುಕಡಿಮೆ ಅನ್ವಯಿಸುತ್ತವೆ.

"ಮುಗಿಯಿತು" ಎಂದರೇನು?

ಮೂಡಲ್‌ನಲ್ಲಿ ಒಂದು ಪಾಠ ಪೂರ್ಣಗೊಂಡಿತೆಂದು ತೀರ್ಮಾನಿಸುವುದು ಯಂತ್ರವಲ್ಲ, ಪಾಠವನ್ನು ಹಾಕಿದವರು. ಪ್ರತಿಯೊಂದು ಪಾಠಕ್ಕೂ ಅವರು ಒಂದು ನಿಯಮವನ್ನು ಆರಿಸಿಕೊಳ್ಳಬೇಕು. ಕಲಿಯುವವರೇ "ಮುಗಿಸಿದೆ" ಎಂದು ಒತ್ತಿದರೆ ಸಾಕು ಎಂಬುದು ಒಂದು ನಿಯಮ. ಪುಟವನ್ನು ತೆರೆದರೆ ಸಾಕು ಎಂಬುದು ಇನ್ನೊಂದು. ಪ್ರಶ್ನೋತ್ತರದಲ್ಲಿ ಏನಾದರೂ ಅಂಕ ಬಂದಿರಬೇಕು ಎಂಬುದು ಮತ್ತೊಂದು. ನಾವು ಗೊತ್ತುಪಡಿಸಿದ ಉತ್ತೀರ್ಣ ಅಂಕ ಬಂದಿರಲೇಬೇಕು ಎಂಬುದು ಕೊನೆಯದು. ಇವು ನಾಲ್ಕಕ್ಕೂ ಡ್ಯಾಶ್‌ಬೋರ್ಡಿನಲ್ಲಿ ಬೀಳುವುದು "ಪೂರ್ಣ" ಎಂಬ ಒಂದೇ ಗುರುತು.

ಇಪ್ಪತ್ತು ಪುಟಗಳ ಕೈಪಿಡಿಯನ್ನು ವೇದಿಕೆಗೆ ಹಾಕಿ "ತೆರೆದರೆ ಸಾಕು" ಎಂಬ ನಿಯಮ ಇಟ್ಟಿದ್ದೇವೆ ಎಂದುಕೊಳ್ಳೋಣ. ಬಸ್ಸಿನಲ್ಲಿ ಕುಳಿತು ಅದನ್ನು ತೆರೆದು ಮರುಕ್ಷಣವೇ ಮುಚ್ಚಿದವರಿಗೂ ಹಸಿರು ಬೀಳುತ್ತದೆ. ಎರಡು ಬಾರಿ ಓದಿ, ಅರ್ಥವಾಗದ್ದನ್ನು ಪಕ್ಕದವರಲ್ಲಿ ಕೇಳಿ ತಿಳಿದುಕೊಂಡವರಿಗೂ ಅದೇ ಹಸಿರು. ಪುಟದೊಳಗೆ ವಿಡಿಯೊ ಇಟ್ಟರೂ ಅಷ್ಟೇ; ಪುಟ ತೆರೆದದ್ದು ದಾಖಲಾಗುತ್ತದೆ, ವಿಡಿಯೊ ನೋಡಿದ್ದು ದಾಖಲಾಗುವುದಿಲ್ಲ. ವಿಡಿಯೊ ಒಂದು ಕಡೆ ಓಡುತ್ತಿರಲು ಇನ್ನೊಂದು ಕಡೆ ಮೀನು ಸಾರಿಗೆ ಮಸಾಲೆ ಅರೆಯುವುದು ಎಲ್ಲ ಮನೆಗಳಲ್ಲೂ ನಡೆಯುವ ಸಂಗತಿ. ಅದರಲ್ಲಿ ಯಾರನ್ನೂ ದೂರುವಂಥದ್ದೇನಿಲ್ಲ.

ಹೊರಗಿನಿಂದ ಕೊಂಡು ತಂದ ಸಿದ್ಧ ಪಾಠಗಳಲ್ಲಿ ಇನ್ನೂ ಒಂದು ತೊಡಕು ಇದೆ. ಇಂಥ ಪಾಠಗಳು ಸಾಮಾನ್ಯವಾಗಿ ಸ್ಕಾರ್ಮ್ ಎಂಬ ಪದ್ಧತಿಯಲ್ಲಿ ಬರುತ್ತವೆ. ಆ ಪದ್ಧತಿಯಲ್ಲಿ "ಪೂರ್ಣಗೊಂಡಿತು" ಎಂಬುದೇ ಬೇರೆ, "ಉತ್ತೀರ್ಣ" ಎಂಬುದೇ ಬೇರೆ. ಕೊನೆಯ ಚಿತ್ರದ ತನಕ ಒತ್ತುತ್ತಾ ಹೋದರೆ ಮೊದಲನೆಯದು ಬರುವಂತೆ ಪಾಠ ತಯಾರಿಸಿದವರು ಇಟ್ಟಿರಬಹುದು. ಕೊಳ್ಳುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಆದುದರಿಂದ ನಮ್ಮ ಸಲಹೆ ಇಷ್ಟು. ಡ್ಯಾಶ್‌ಬೋರ್ಡ್ ನೋಡುವ ಮೊದಲು ಪ್ರತಿಯೊಂದು ಪಾಠಕ್ಕೆ ಯಾವ ನಿಯಮ ಇದೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಹಬ್ಬದ ರಜೆಯ ಸುತ್ತೋಲೆಗೆ "ತೆರೆದರೆ ಸಾಕು" ಎಂಬ ನಿಯಮ ಧಾರಾಳವಾಗಿ ಸಾಕು. ಒಂದು ಮಗುವಿನ ಅಥವಾ ರೋಗಿಯ ಸುರಕ್ಷೆ ಅವಲಂಬಿಸಿರುವ ಪಾಠಕ್ಕೆ ಉತ್ತೀರ್ಣ ಅಂಕದ ನಿಯಮವೇ ಬೇಕು.

ಕಾನೂನು ಕೇಳುವುದೇನು?

ಇದೆಲ್ಲ ಅತಿಯಾದ ಸೂಕ್ಷ್ಮ ಎಂದು ಕೆಲವರಿಗೆ ಅನಿಸಬಹುದು. ಆದರೆ ಕೆಲವು ತರಬೇತಿಗಳು ನಮ್ಮ ಇಷ್ಟಕ್ಕೆ ಬಿಟ್ಟವುಗಳಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆಯ 19ನೇ ಕಲಮಿನಂತೆ, ಇಂಥ ಅಪರಾಧ ನಡೆದಿದೆ ಎಂದು ತಿಳಿದ ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆದರೂ ಅದನ್ನು ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದವರಿಗೆ 21ನೇ ಕಲಮಿನ ಪ್ರಕಾರ 6 ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಇದೆ. ತಮ್ಮ ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ತಿಳಿಸದಿದ್ದರೆ ಸೆರೆವಾಸ 1 ವರ್ಷದವರೆಗೆ ಏರುತ್ತದೆ, ದಂಡವೂ ಸೇರುತ್ತದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾಯಿದೆಯೇ ರಕ್ಷಣೆ ಕೊಡುತ್ತದೆ.

ಈ ಕಾಯಿದೆಯ 2020ರ ನಿಯಮಗಳು ಮಕ್ಕಳ ಸಂಪರ್ಕಕ್ಕೆ ಬರುವ ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ನಿಯತಕಾಲಿಕವಾಗಿ ತರಬೇತಿ ಕೊಡಿಸಬೇಕು ಎನ್ನುತ್ತವೆ. ಅದೇ ನಿಯಮದಲ್ಲಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯ ಮಾತೂ ಇದೆ. ಅಲ್ಲಿ ಸಿಬ್ಬಂದಿ ಎಂದರೆ ಶಿಕ್ಷಕರು ಮಾತ್ರವಲ್ಲ; ಬೋಧಕರು, ಬೋಧಕೇತರರು, ಖಾಯಂ ನೌಕರರು, ಗುತ್ತಿಗೆಯವರು ಎಲ್ಲರೂ ಸೇರುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಆಸ್ಪತ್ರೆಗಳಿಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ತ್ಯಾಜ್ಯವನ್ನು ಮುಟ್ಟುವ ಎಲ್ಲರಿಗೂ ಕೆಲಸಕ್ಕೆ ಸೇರುವಾಗ ಮತ್ತು ಬಳಿಕ ವರ್ಷಕ್ಕೆ ಒಮ್ಮೆಯಾದರೂ ತರಬೇತಿ ಆಗಬೇಕು. ವಾರ್ಷಿಕ ವರದಿಯನ್ನು ಜೂನ್ 30ರೊಳಗೆ ಒಪ್ಪಿಸಬೇಕು. ಅದರಲ್ಲಿ ತರಬೇತಿ ಪಡೆದವರ ಸಂಖ್ಯೆ ಮಾತ್ರವಲ್ಲ, ತರಬೇತಿ ಪಡೆಯದವರ ಸಂಖ್ಯೆಯನ್ನೂ ಬರೆಯಬೇಕು. ಈ ನಿಯಮವನ್ನು ಬರೆದವರು ಅನುಭವಸ್ಥರಿರಬೇಕು. ಎಷ್ಟು ಮಂದಿಗೆ ಆಯಿತು ಎಂದು ಕೇಳಿದರೆ ಎಲ್ಲರೂ ದೊಡ್ಡ ಸಂಖ್ಯೆ ಹೇಳುತ್ತಾರೆ. ಎಷ್ಟು ಮಂದಿಗೆ ಆಗಲಿಲ್ಲ ಎಂದು ಕೇಳಿದಾಗಲೇ ಕಡತವನ್ನು ತೆರೆದು ನೋಡಬೇಕಾಗುತ್ತದೆ. ಇನ್ನು 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ, ಜಾಗೃತಿ ಕಾರ್ಯಕ್ರಮ ಇತ್ಯಾದಿಗಳನ್ನು ಹೇಳುವ 2013ರ ಮಹಿಳಾ ಲೈಂಗಿಕ ಕಿರುಕುಳ ತಡೆ ಕಾಯಿದೆಯೂ ಇದೆ.

ಧರ್ಮಸಭೆಯ ಮಟ್ಟದಲ್ಲೂ ಇಂಥ ಕಲಿಕೆ ಅಂತರ್ಜಾಲಕ್ಕೆ ಬಂದು ವರ್ಷಗಳಾದವು. ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾನಿಲಯವು 2012ರಲ್ಲಿ ಆರಂಭಿಸಿದ ಮಕ್ಕಳ ರಕ್ಷಣಾ ಕೇಂದ್ರವು ಮೊದಲಿನಿಂದಲೇ ಅಂತರ್ಜಾಲ ಪಾಠಗಳನ್ನು ಬಳಸಿಕೊಂಡಿತ್ತು.

ಪಟ್ಟಿಯಲ್ಲೇ ಇಲ್ಲದವರು

ಡ್ಯಾಶ್‌ಬೋರ್ಡಿನ ಅತಿ ದೊಡ್ಡ ಕೊರತೆ ಕೆಂಪು ಗುರುತಿನಲ್ಲಿಲ್ಲ. ಹೆಸರೇ ಇಲ್ಲದವರಲ್ಲಿದೆ. ವೇದಿಕೆಯಲ್ಲಿ ಖಾತೆ ಇದ್ದವರನ್ನು ಮಾತ್ರ ಅದು ಎಣಿಸುತ್ತದೆ. ಒಂದು ವಿದ್ಯಾರ್ಥಿನಿಲಯ ಸಹಿತ ಶಾಲೆಯನ್ನು ಊಹಿಸಿಕೊಳ್ಳೋಣ. ಕಚೇರಿಯ ಗುಮಾಸ್ತರು ಮಿಂಚಂಚೆ ವಿಳಾಸವಿದ್ದ 40 ಮಂದಿಗೆ ಖಾತೆ ತೆರೆದರು. ಅವರಲ್ಲಿ 36 ಮಂದಿ ಮಕ್ಕಳ ರಕ್ಷಣೆಯ ಪಾಠ ಮುಗಿಸಿದರು. ಪರದೆಯ ಮೇಲೆ ಶೇಕಡಾ 90 ಎಂದು ಬಂತು, ಆಡಳಿತ ಮಂಡಳಿಯ ಸಭೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಆದರೆ ಆ ಆವರಣದಲ್ಲಿ ದಿನವೂ ಮಕ್ಕಳೊಡನೆ ಇರುವವರು 52 ಮಂದಿ. ಉಳಿದ 12 ಮಂದಿಯಲ್ಲಿ ಶಾಲಾ ವಾಹನದ ಚಾಲಕರು, ಅಡುಗೆಯವರು, ಆಯಾಗಳು, ರಾತ್ರಿ ಕಾವಲುಗಾರ, ಸಂಜೆ ಬರುವ ಕರಾಟೆ ಶಿಕ್ಷಕ, ಗುತ್ತಿಗೆಯ ಶುಚಿಗಾರರು ಇದ್ದಾರೆ. ಅವರಿಗೆ ಮಿಂಚಂಚೆ ಇಲ್ಲ, ಆದ್ದರಿಂದ ಖಾತೆಯೂ ಇಲ್ಲ. ನಿಜವಾದ ಲೆಕ್ಕ 52ರಲ್ಲಿ 36, ಅಂದರೆ ಸುಮಾರು ಶೇಕಡಾ 69.

ಅಷ್ಟೇ ಅಲ್ಲ, ಶಿಕ್ಷಕರ ಕಣ್ಣಿಗೆ ಬೀಳದ ಹೊತ್ತಿನಲ್ಲಿ ಮಕ್ಕಳ ಜೊತೆ ಇರುವವರು ಆ 12 ಮಂದಿಯೇ. ಒಂದು ಮಗು ಬಸ್ಸಿನಲ್ಲಿ ಕೊನೆಯ ಸೀಟಿಗೆ ಹೋಗಲು ಹೆದರುತ್ತಿದೆ, ಊಟ ಬಿಡುತ್ತಿದೆ, ರಾತ್ರಿ ಬಚ್ಚಲಿಗೆ ಹೋಗಲು ಅಳುತ್ತಿದೆ ಎಂಬುದನ್ನು ಮೊದಲು ಕಾಣುವವರೂ ಅವರೇ. ತಾವು ಕಂಡದ್ದನ್ನು ಯಾರಿಗೆ ಹೇಳಬೇಕು, ಹೇಳಿದರೆ ಕೆಲಸಕ್ಕೆ ಕುತ್ತು ಬರುವುದಿಲ್ಲವೇ, ಮಕ್ಕಳ ಸಹಾಯವಾಣಿ 1098 ಎಂದರೇನು ಎಂಬುದು ಅವರಿಗೆ ಗೊತ್ತಿಲ್ಲದಿದ್ದರೆ ಉಳಿದ 36 ಹಸಿರು ಗುರುತುಗಳಿಂದ ಆ ಮಗುವಿಗೆ ಪ್ರಯೋಜನ ಕಡಿಮೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ವೇದಿಕೆಯಿಂದ ಸಿಬ್ಬಂದಿಯ ಪಟ್ಟಿಯನ್ನು ಎಕ್ಸೆಲ್ ಹಾಳೆಯಾಗಿ ಇಳಿಸಿಕೊಳ್ಳಬಹುದು. ಅದನ್ನು ಸಂಬಳದ ಪಟ್ಟಿಯೊಂದಿಗೂ ಗುತ್ತಿಗೆದಾರರ ಬಿಲ್ಲಿನೊಂದಿಗೂ ಇಟ್ಟು ಹೆಸರಿನಿಂದ ಹೆಸರಿಗೆ ತಾಳೆ ನೋಡಬೇಕು. ಒಬ್ಬರೇ ಕುಳಿತರೆ ಅರ್ಧ ದಿನದ ಕೆಲಸ. ಖಾತೆ ತೆರೆಯಲು ಸಾಧ್ಯವೇ ಇಲ್ಲದವರಿಗೆ ಸಭಾಭವನದ ಶಿಬಿರ ಇದ್ದೇ ಇದೆ. ಅದಾದ ಮೇಲೆ ಅವರ ಹೆಸರನ್ನೂ ಅದೇ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು. ಹೊಸ ವ್ಯವಸ್ಥೆ ಬಂತೆಂದು ಹಳೆಯ ಶಿಬಿರವನ್ನು ಪೂರ್ತಿ ಕೈಬಿಟ್ಟ ಸಂಸ್ಥೆಗಳು ಈ ಮಂದಿಯನ್ನೇ ಮೊದಲು ಕೈಬಿಟ್ಟಂತಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಸರಾಸರಿಯ ಮಾತು

ದೊಡ್ಡ ಸಂಖ್ಯೆಯನ್ನು ಒಡೆದು ನೋಡುವ ಅಭ್ಯಾಸವೂ ಬೇಕು. ಆಸ್ಪತ್ರೆಯೊಂದರಲ್ಲಿ 60 ಮಂದಿ ಇದ್ದು 48 ಮಂದಿ ಪಾಠ ಮುಗಿಸಿದರೆ ಶೇಕಡಾ 80 ಎಂದಾಗುತ್ತದೆ. ಹಗಲು ಪಾಳಿಯ 40ರಲ್ಲಿ 38, ರಾತ್ರಿ ಪಾಳಿಯ 20ರಲ್ಲಿ 10 ಎಂದು ಒಡೆದು ನೋಡಿದರೆ ಚಿತ್ರವೇ ಬದಲಾಗುತ್ತದೆ. ರಾತ್ರಿ ಪಾಳಿಯಲ್ಲಿ ಇಬ್ಬರಲ್ಲಿ ಒಬ್ಬರಿಗೆ ತರಬೇತಿಯಿಲ್ಲ. ಬಳಸಿದ ಸೂಜಿಯನ್ನು ಬಿಳಿ ಡಬ್ಬಕ್ಕೆ ಹಾಕುವ ಬದಲು ಹಳದಿ ಚೀಲಕ್ಕೆ ಹಾಕಿದರೆ, ಮುಂಜಾನೆ ಆ ಚೀಲ ಹೊರುವವರ ಕೈಗೆ ಅದು ಚುಚ್ಚುತ್ತದೆ. ಹೆಪಟೈಟಿಸ್ ಬಿ ಲಸಿಕೆಯನ್ನು ಇಂಥವರಿಗೆ ಕೊಡಿಸಬೇಕೆಂದು ಅದೇ 2016ರ ನಿಯಮಗಳು ಹೇಳುವುದಕ್ಕೆ ಕಾರಣವಿದೆ.

ಮೂಡಲ್‌ನಲ್ಲಿ ಸಿಬ್ಬಂದಿಯನ್ನು ಗುಂಪುಗಳಾಗಿ ಮಾಡಬಹುದು. ಪಾಳಿವಾರು, ವಿಭಾಗವಾರು, ಕಟ್ಟಡವಾರು ಗುಂಪು ಮಾಡಿಟ್ಟರೆ ವರದಿಯನ್ನೂ ಗುಂಪುವಾರು ನೋಡಬಹುದು. ಗುಂಪುಗಳನ್ನು ಪ್ರತ್ಯೇಕವಾಗಿಟ್ಟು, ಆಯಾ ವಿಭಾಗದ ಮೇಲ್ವಿಚಾರಕರಿಗೆ ತಮ್ಮ ಗುಂಪಿನವರ ಪ್ರಗತಿ ಮಾತ್ರ ಕಾಣುವಂತೆಯೂ ಮಾಡಬಹುದು.

ಕೆಂಪಿನ ಹಿಂದೆ ಒಬ್ಬ ಮನುಷ್ಯ

ಕೆಂಪು ಕಂಡ ಕೂಡಲೇ "ಯಾಕೆ ಮಾಡಿಲ್ಲ?" ಎಂದು ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಹಾಕುವ ಮುಖ್ಯಸ್ಥರಿದ್ದಾರೆ. ಪಟ್ಟಿ ಹಾಕಿದ ಸಂಜೆಯೇ ಎಲ್ಲವೂ ಹಸಿರಾಗುತ್ತದೆ ಎಂಬುದು ನಿಜ. ಹೇಗೆ ಹಸಿರಾಯಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಕಚೇರಿಯ ಹುಡುಗಿಯೊಬ್ಬಳು ಎಲ್ಲರ ಪಾಸ್‌ವರ್ಡ್ ಇಟ್ಟುಕೊಂಡು ಎಲ್ಲರ ಪರವಾಗಿ ಒತ್ತಿದರೂ ಗುರುತು ಬೀಳುತ್ತದೆ. ಮೂಡಲ್‌ನ ದಿನಚರಿ ವರದಿಯಲ್ಲಿ ಯಾರು, ಯಾವ ಹೊತ್ತಿಗೆ, ಯಾವ ಅಂತರ್ಜಾಲ ವಿಳಾಸದಿಂದ ತೆರೆದರು ಎಂಬುದು ದಾಖಲಾಗುತ್ತದೆ. ಹನ್ನೆರಡು ಮಂದಿಯ ಪ್ರಶ್ನೋತ್ತರ ಒಂದೇ ಗಣಕಯಂತ್ರದಲ್ಲಿ, ಒಂದೇ ಮಧ್ಯಾಹ್ನ, ಒಬ್ಬರ ಹಿಂದೆ ಒಬ್ಬರಂತೆ, ಎಲ್ಲವೂ ಪೂರ್ಣ ಅಂಕದೊಂದಿಗೆ ಮುಗಿದಿದ್ದರೆ ಅದು ತರಬೇತಿಯಲ್ಲ. ಆದರೆ ಆ ಹುಡುಗಿಯನ್ನು ಕರೆಸಿ ಬೈಯುವ ಮೊದಲು, ಅವಳನ್ನು ಆ ಕೆಲಸಕ್ಕೆ ದೂಡಿದ್ದು ಯಾವ ಪಟ್ಟಿ ಎಂದು ಯೋಚಿಸುವುದು ಒಳ್ಳೆಯದು.

"ಎಲ್ಲಿ ತೊಡಕಾಯಿತು?" ಎಂದು ಕೇಳಿದರೆ ಬೇರೆಯೇ ಉತ್ತರಗಳು ಸಿಗುತ್ತವೆ. ಚಾರ್ಮಾಡಿಯ ಬುಡದಲ್ಲಿ ಮನೆಯಿರುವವರಿಗೆ ಮಳೆಗಾಲದಲ್ಲಿ ಸಿಗ್ನಲ್ ಇರುವುದಿಲ್ಲ. ಅಂಥವರಿಗೆ ಮೂಡಲ್‌ನ ಮೊಬೈಲ್ ಆ್ಯಪ್‌ನಲ್ಲಿ ಪಾಠವನ್ನು ಮೊದಲೇ ಇಳಿಸಿಕೊಂಡು ಅಂತರ್ಜಾಲವಿಲ್ಲದೆ ಓದುವ ಸೌಲಭ್ಯವಿದೆ. ಪಾಠ ಹಾಕಿದವರು ಅನುಮತಿ ಕೊಟ್ಟಿದ್ದರೆ ಪ್ರಶ್ನೋತ್ತರವನ್ನೂ ಹಾಗೆ ಮುಗಿಸಿ, ಸಿಗ್ನಲ್ ಸಿಕ್ಕಾಗ ಕಳುಹಿಸಬಹುದು. ಅಷ್ಟರ ತನಕ ಡ್ಯಾಶ್‌ಬೋರ್ಡಿನಲ್ಲಿ ಅವರು ಕೆಂಪಾಗಿಯೇ ಕಾಣುತ್ತಾರೆ. ಇನ್ನು ಪಾಠ ಮುಗಿಸಿದ ಮೇಲೂ ಇಡೀ ಕೋರ್ಸಿನ ಗುರುತು ಬದಲಾಗಲು ಸರ್ವರಿನ ಹಿನ್ನೆಲೆಯ ಕೆಲಸ ನಡೆಯಬೇಕು, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುವುದುಂಟು. ರಾತ್ರಿ ಮುಗಿಸಿದವರನ್ನು ಮುಂಜಾನೆ ಗದರಿಸಬಾರದು.

ಇನ್ನೂ ಸಾಮಾನ್ಯವಾದ ಕಾರಣ ಭಾಷೆ. ಪಾಠ ಇಂಗ್ಲಿಷಿನಲ್ಲಿ, ಓದಬೇಕಾದವರ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ, ಓದಿದ್ದು ಏಳನೆಯ ತರಗತಿಯ ತನಕ ಕನ್ನಡ. ಇತ್ತೀಚೆಗೆ ಅಡುಗೆಮನೆ ಮತ್ತು ಶುಚಿತ್ವದ ಕೆಲಸಕ್ಕೆ ಜಾರ್ಖಂಡ್, ಒಡಿಶಾ, ಅಸ್ಸಾಂ ಕಡೆಯವರು ಬರುತ್ತಿದ್ದಾರೆ. ಅವರಿಗೆ ಕನ್ನಡವೂ ಓದಲು ಬಾರದು. ಮೂರು ನಿಮಿಷದ ಧ್ವನಿಮುದ್ರಣವನ್ನು ಅವರ ಮಾತಿನಲ್ಲಿ ಮಾಡಿ ಹಾಕಿದರೆ, ಇಂಗ್ಲಿಷಿನ ಮೂವತ್ತು ಪುಟಗಳಿಗಿಂತ ಅದು ಮೇಲು.

ಒಬ್ಬರು ಒಂದೇ ಪಾಠದಲ್ಲಿ ನಿಂತುಹೋದರೆ ಆ ವ್ಯಕ್ತಿಯ ಹತ್ತಿರ ಹೋಗಿ ಮಾತಾಡಬೇಕು. ಹತ್ತು ಮಂದಿ ಒಂದೇ ಪಾಠದಲ್ಲಿ ನಿಂತುಹೋದರೆ ಆ ಪಾಠವನ್ನು ತೆರೆದು ನೋಡಬೇಕು. ಮೂಡಲ್‌ನ ಪ್ರಗತಿ ವರದಿಯಲ್ಲಿ ಎಡಗಡೆ ಹೆಸರುಗಳ ಸಾಲು, ಮೇಲ್ಗಡೆ ಪಾಠಗಳ ಸಾಲು ಇರುತ್ತದೆ. ಬಹಳ ಮಂದಿ ಅದನ್ನು ಅಡ್ಡಕ್ಕೆ ಮಾತ್ರ ಓದುತ್ತಾರೆ. ಉದ್ದಕ್ಕೆ ಓದಿದಾಗ, ಯಾವ ಪಾಠದ ಕೆಳಗೆ ಖಾಲಿ ಚೌಕಗಳು ಸಾಲಾಗಿ ನಿಂತಿವೆ ಎಂಬುದು ತಿಳಿಯುತ್ತದೆ.

ತಪ್ಪಾದ ಪ್ರಶ್ನೆಯೇ ಹೆಚ್ಚು ಹೇಳುತ್ತದೆ

ನಮ್ಮ ದೃಷ್ಟಿಯಲ್ಲಿ ಇಡೀ ವೇದಿಕೆಯಲ್ಲಿ ಅತ್ಯಂತ ಉಪಯುಕ್ತ ವರದಿ ಮುಖಪುಟದಲ್ಲಿಲ್ಲ. ಅದು ಪ್ರಶ್ನೋತ್ತರದ ಅಂಕಿಅಂಶ ಎಂಬ ವರದಿ. ಒಂದೊಂದು ಪ್ರಶ್ನೆಗೂ ಶೇಕಡಾ ಎಷ್ಟು ಸರಿ ಉತ್ತರ ಬಂತು ಎಂದು ಅದು ತೋರಿಸುತ್ತದೆ. ಒಂದು ವಿದ್ಯಾರ್ಥಿನಿಲಯದ ಸಿಬ್ಬಂದಿಗೆ ಹತ್ತು ಪ್ರಶ್ನೆ ಕೊಟ್ಟು, ಏಳು ಸರಿಯಾದರೆ ಉತ್ತೀರ್ಣ ಎಂದು ಇಟ್ಟಿದ್ದೇವೆ ಎನ್ನೋಣ. ಎಲ್ಲರೂ ಉತ್ತೀರ್ಣರಾದರು, ಎಲ್ಲರೂ ಹಸಿರು. ಆದರೆ "ಮಗುವೊಂದು ನಿಮಗೆ ಗುಟ್ಟಾಗಿ ದೌರ್ಜನ್ಯದ ಸಂಗತಿ ಹೇಳಿದರೆ ಏನು ಮಾಡುತ್ತೀರಿ?" ಎಂಬ ಪ್ರಶ್ನೆಗೆ ಹೆಚ್ಚಿನವರು "ಮೊದಲು ಆರೋಪಿತರನ್ನು ಕರೆದು ವಿಚಾರಿಸುತ್ತೇವೆ" ಅಥವಾ "ಹೆತ್ತವರು ಒಪ್ಪಿದರೆ ಮಾತ್ರ ದೂರು ಕೊಡುತ್ತೇವೆ" ಎಂಬ ಉತ್ತರ ಆರಿಸಿದ್ದರೆ? ಉಳಿದ ಒಂಬತ್ತು ಪ್ರಶ್ನೆಗಳಿಗೆ ಸರಿ ಉತ್ತರ ಕೊಟ್ಟು ಅವರು ಉತ್ತೀರ್ಣರಾಗಿದ್ದಾರೆ. ನಿಜವಾದ ಸಂದರ್ಭ ಬಂದಾಗ ಬೇಕಾಗುವುದು ಆ ಹತ್ತನೆಯದೇ.

ಇಂಥ ಕಡೆ ಎರಡು ಕೆಲಸ ಮಾಡಬಹುದು. ತಪ್ಪಲೇಬಾರದ ಎರಡು ಮೂರು ಪ್ರಶ್ನೆಗಳನ್ನು ಬೇರೆಯೇ ಪ್ರಶ್ನೋತ್ತರವಾಗಿ ಮಾಡಿ ಅದಕ್ಕೆ ಪೂರ್ಣ ಅಂಕವನ್ನೇ ಉತ್ತೀರ್ಣವೆಂದು ಇಡಬಹುದು. ಎಷ್ಟು ಬಾರಿ ಬೇಕಾದರೂ ಬರೆಯಲಿ, ಅಡ್ಡಿಯಿಲ್ಲ. ಎರಡನೆಯದಾಗಿ, ಹೆಚ್ಚಿನವರು ತಪ್ಪಿದ ಪ್ರಶ್ನೆಯನ್ನು ಮುಂದಿನ ಸಿಬ್ಬಂದಿ ಸಭೆಯಲ್ಲಿ ಹತ್ತು ನಿಮಿಷ ಮಾತಾಡಬೇಕು. ಯಾರು ತಪ್ಪಿದರು ಎಂದು ಹೇಳುವ ಅಗತ್ಯವೇ ಇಲ್ಲ.

ಪರದೆಯ ಆಚೆಗೆ

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದರು. ಕಲಿತವರಿಗೆ ತರಬೇತಿ ಹೇಗನಿಸಿತು, ಏನು ಕಲಿತರು, ಕೆಲಸದಲ್ಲಿ ನಡೆ ಬದಲಾಯಿತೇ, ಸಂಸ್ಥೆಗೆ ಫಲ ಸಿಕ್ಕಿತೇ ಎಂಬವು ಅವು. ಡ್ಯಾಶ್‌ಬೋರ್ಡ್ ಹೆಚ್ಚೆಂದರೆ ಮೊದಲ ಎರಡನ್ನು ಕಾಣುತ್ತದೆ. ಮೂರನೆಯದನ್ನು ಕಾಣಲು ವಾರ್ಡಿಗೆ, ಅಡುಗೆಮನೆಗೆ, ಬಸ್ಸಿಗೆ ಹೋಗಬೇಕು.

ಹಾಗೆ ಹೋಗಿ ಕಂಡದ್ದನ್ನು ಮತ್ತೆ ಡ್ಯಾಶ್‌ಬೋರ್ಡಿಗೆ ತರಲು ಒಂದು ದಾರಿಯಿದೆ. ಮೂಡಲ್‌ನಲ್ಲಿ ನಿಯೋಜನೆ ಎಂಬ ಪಾಠದ ಬಗೆಯಲ್ಲಿ ಕಲಿಯುವವರು ಏನನ್ನೂ ಕಳುಹಿಸದೆಯೇ ಮೇಲ್ವಿಚಾರಕರು ಅಂಕ ಕೊಡಬಹುದು. "ತ್ಯಾಜ್ಯವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಸರಿಯಾಗಿ ಬೇರ್ಪಡಿಸಿದ್ದನ್ನು ಹಿರಿಯ ದಾದಿ ಕಣ್ಣಾರೆ ಕಂಡರು" ಎಂಬುದನ್ನೇ ಒಂದು ನಿಯೋಜನೆ ಮಾಡಿಟ್ಟರೆ, ಆ ದಾದಿ ಅಂಕ ಕೊಟ್ಟ ಮೇಲೆಯೇ ಕೋರ್ಸ್ ಪೂರ್ಣವಾಗುತ್ತದೆ. ಕೆಲಸ ಹೆಚ್ಚು ಎಂದು ದಾದಿಯರು ಗೊಣಗುವುದು ಖಂಡಿತ. ಎಲ್ಲ ಪಾಠಕ್ಕೂ ಬೇಡ, ಒಂದೆರಡಕ್ಕೆ ಸಾಕು.

ಕಲಿತದ್ದು ಮರೆಯುತ್ತದೆ ಎಂಬುದನ್ನು ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದರು. ಆದರೆ ಸಾಮಾನ್ಯ ಮೂಡಲ್‌ನಲ್ಲಿ ಒಮ್ಮೆ ಬಿದ್ದ ಹಸಿರು ತಾನಾಗಿ ಮಾಸುವುದಿಲ್ಲ. 2022ರಲ್ಲಿ ಮುಗಿಸಿದವರು ಇಂದಿಗೂ ಹಸಿರಾಗಿಯೇ ಕಾಣುತ್ತಾರೆ. ಅವಧಿ ಮುಗಿದಾಗ ಮತ್ತೆ ತರಬೇತಿ ಕೇಳುವ ಏರ್ಪಾಡು ಹಣ ಕೊಟ್ಟು ಪಡೆಯುವ ಮೂಡಲ್ ವರ್ಕ್‌ಪ್ಲೇಸ್‌ನಲ್ಲಿದೆ. ಅದಿಲ್ಲದವರು ಪ್ರತಿ ವರ್ಷ ಜೂನ್‌ನಲ್ಲಿ ಹೆಸರಿನ ಜೊತೆ ವರ್ಷವನ್ನು ಸೇರಿಸಿ ಹೊಸ ಕೋರ್ಸ್ ತೆರೆಯುವುದೇ ಸುಲಭ.

ಈ ಪಟ್ಟಿಗಳಲ್ಲಿರುವುದು ನಮ್ಮ ಜೊತೆ ಕೆಲಸ ಮಾಡುವವರ ವೈಯಕ್ತಿಕ ಮಾಹಿತಿ. ಯಾರು ಎಷ್ಟು ಬಾರಿ ಅನುತ್ತೀರ್ಣರಾದರು ಎಂಬುದನ್ನು ಸಂಸ್ಥೆಯ ಮುಖ್ಯಸ್ಥರು ಮತ್ತು ನೇರ ಮೇಲ್ವಿಚಾರಕರು ನೋಡಿದರೆ ಸಾಕು. ಸೂಚನಾ ಫಲಕಕ್ಕೂ ವಾರ್ಷಿಕೋತ್ಸವದ ವರದಿಗೂ ಅದು ಹೋಗಬೇಕಾಗಿಲ್ಲ. ಸಂಖ್ಯೆಗಳು ಹೋಗಲಿ.

ಕೊನೆಯದಾಗಿ ವರ್ಗಾವಣೆಯ ವಿಷಯ. ಮೇ, ಜೂನ್ ತಿಂಗಳುಗಳಲ್ಲಿ ಧರ್ಮಗುರುಗಳು, ಧರ್ಮಭಗಿನಿಯರು, ಶಿಕ್ಷಕರು ಬದಲಾಗುತ್ತಾರೆ. ಬಿಟ್ಟುಹೋದವರ ಖಾತೆಯನ್ನು ಅಳಿಸಿಬಿಟ್ಟರೆ ಅವರ ತರಬೇತಿಯ ದಾಖಲೆಯೂ ವರದಿಗಳಿಂದ ಹೋಗುತ್ತದೆ, ಮುಂದೆ ತನಿಖೆಯಲ್ಲಿ ಕೇಳಿದಾಗ ತೋರಿಸಲು ಏನೂ ಉಳಿಯುವುದಿಲ್ಲ. ಅಳಿಸುವ ಬದಲು ಖಾತೆಯನ್ನು ಅಮಾನತಿನಲ್ಲಿಡುವ ಆಯ್ಕೆ ಅಲ್ಲೇ ಪಕ್ಕದಲ್ಲಿದೆ. ಹೊಸದಾಗಿ ಬಂದವರ ಹೆಸರನ್ನು ಅವರು ಕೆಲಸಕ್ಕೆ ಸೇರಿದ ದಿನವೇ ಸೇರಿಸಿ, ಪಾಠ ಮುಗಿಸಬೇಕಾದ ದಿನಾಂಕವನ್ನೂ ಹಾಕಿಡಬೇಕು. ವರ್ಷದ ವರದಿಗೆ ಬೇಕಾದ ಪಟ್ಟಿಯನ್ನು ಈ ಬದಲಾವಣೆಗಳಿಗೆ ಮುಂಚೆ, ಏಪ್ರಿಲ್ ಕೊನೆಯೊಳಗೆ ಇಳಿಸಿ ಮುದ್ರಿಸಿ ಕಡತದಲ್ಲಿಟ್ಟರೆ ಜೂನ್ 30ರ ಹಿಂದಿನ ರಾತ್ರಿ ಗುಮಾಸ್ತರು ನಿದ್ದೆಗೆಡಬೇಕಾಗಿಲ್ಲ.